ಚಿಕ್ಕ ಕವಿತೆಯ ಛಂದಸ್ಸು, ಪ್ರಾಸ, ಪುನರಾವರ್ತನೆ: ಬಿಡಿಸಿ ನೋಡುವ ಬಗೆ

ಪ್ರಸ್ತಾರ ಹಾಕಿ (ಅಕ್ಷರಗಳಿಗೆ ಲಘು, ಗುರು ಎಂಬ ಗುರುತು ಕೊಟ್ಟು), ಗಣ ಎಂಬ ಚಿಕ್ಕ ಗುಂಪುಗಳಾಗಿ ವಿಂಗಡಿಸಿ, ಛಂದಸ್ಸಿನ ಹೆಸರು ಮತ್ತು ಲಕ್ಷಣ ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಕವಿತೆಯ ವಿಶ್ಲೇಷಣೆ ಮಾತ್ರ ಅಲ್ಲಿಂದಾಚೆಗೆ ಶುರುವಾಗುತ್ತದೆ. ಸಾಲಿಗೆ ಹದಿನಾರು ಮಾತ್ರೆ (ಉಚ್ಚಾರಣೆಯ ಕಾಲದ ಅಳತೆ) ಇವೆ, ಎರಡನೆಯ ಅಕ್ಷರದಲ್ಲಿ ಪ್ರಾಸವಿದೆ, ಇಂಥ ಪದ ಎರಡು ಸಲ ಬಂದಿದೆ ಎಂದು ಪಟ್ಟಿ ಮಾಡುವುದು ಮನೆಯ ಕಂಬಗಳನ್ನು ಎಣಿಸಿದ ಹಾಗೆ. ಯಾವ ಕಂಬ ಸೂರು ಹೊತ್ತಿದೆ, ಯಾವುದು ಅಂದಕ್ಕೆ ನಿಂತಿದೆ ಎಂದು ತಿಳಿಯಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿ ಕಟ್ಟಳೆ ಕೇಳಿದ್ದು ಯಾವುದು, ಕವಿ ತಾನಾಗಿ ಆರಿಸಿಕೊಂಡದ್ದು ಯಾವುದು? ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಬೆನ್ನು ಹಿಡಿದೇ ಸಾಗುತ್ತವೆ.

ಕೈಯಲ್ಲೊಂದು ಕವಿತೆ ಇಲ್ಲದೆ ಈ ಮಾತು ಮುಂದುವರಿಯದು. ಅಭ್ಯಾಸಕ್ಕೆಂದೇ ಎಂಟು ಸಾಲು ಬರೆದುಕೊಂಡಿದ್ದೇನೆ. ಸಾಲುಗಳು ನನ್ನವೇ ಆದ್ದರಿಂದ ಅವುಗಳ ದೋಷವನ್ನು ಎತ್ತಿ ಆಡಲು ಯಾರ ಹಂಗೂ ಇಲ್ಲ.

ಮುಚ್ಚಿದ ಬಾಗಿಲ ಹೊರಗಡೆ ಮಳೆಯಿದೆ,
ಹಚ್ಚಿದ ದೀಪದ ಕುಡಿಯಲಿ ಹೊಗೆಯಿದೆ,
ಎಚ್ಚರವಿರುವುದು ಒಬ್ಬಳ ಕಣ್ಣಲಿ;
ಬರುವೆನು ಎಂದವ ಬರಲಿಲ್ಲ.

ಮಳೆ ನಿಂತಿತು, ಹನಿ ನಿಲ್ಲದೆ ಬಿದ್ದಿತು,
ಅಳೆದಳೆದಿರುಳನು ದೀಪವು ಕುಂದಿತು,
ಬೆಳಕಾಯಿತು. ಆ ಬಾಗಿಲ ತೆರೆದಳು,
ಬರುವನು ಎಂದಳು. ಬರಲಿಲ್ಲ.

ಮೊದಲ ಹೆಜ್ಜೆ: ಪೆನ್ಸಿಲ್ ಹಿಡಿಯುವ ಮುನ್ನ ಬಾಯಿಬಿಟ್ಟು ಓದಿ

ಕವಿತೆಯನ್ನು ಎರಡು ಸಲ ಗಟ್ಟಿಯಾಗಿ ಓದಿ. ಒಮ್ಮೆ ಅರ್ಥಕ್ಕಾಗಿ, ಮಾತನಾಡುವ ಹಾಗೆ ಓದಿ. ಇನ್ನೊಮ್ಮೆ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತ ಓದಿ. ಎರಡನೆಯ ಓದಿನಲ್ಲಿ ಬೆರಳು ತಾನಾಗಿಯೇ ಎಲ್ಲಿ ಬೀಳುತ್ತದೆ ಎಂದು ಗಮನಿಸಬೇಕೇ ಹೊರತು, ಲೆಕ್ಕ ಹಾಕಿ ಬೀಳಿಸಬಾರದು. ಮೇಲಿನ ಕವಿತೆಯ ಮೊದಲ ಸಾಲಿನಲ್ಲಿ ‘ಮು’, ‘ಬಾ’, ‘ಹೊ’, ‘ಮ’ ಎಂಬ ನಾಲ್ಕು ಕಡೆ ಪೆಟ್ಟು ಬೀಳುತ್ತದೆ. ಅದೇ ನಡೆಯಲ್ಲಿ ನಾಲ್ಕನೆಯ ಸಾಲಿಗೆ ಬಂದರೆ ‘ಬರಲಿಲ್ಲ’ ಎಂಬ ಪದ ಮುಗಿದ ಮೇಲೂ ನಾಲಗೆ ಸುಮ್ಮನಿರುವ ಒಂದಿಷ್ಟು ಹೊತ್ತು ಉಳಿಯುತ್ತದೆ. ಮುಂದಿನ ಸಾಲನ್ನು ತಕ್ಷಣ ಎತ್ತಿಕೊಳ್ಳಲು ಹೋದರೆ ಮುಗ್ಗರಿಸಿದಂತಾಗುತ್ತದೆ. ಅದರ ಕಾರಣವನ್ನು ಈಗಲೇ ಹುಡುಕಬೇಡಿ, ಅಲ್ಲೊಂದು ಗುರುತು ಮಾಡಿಕೊಂಡರೆ ಸಾಕು. ಕಿವಿಗೆ ಕೇಳಿಸಿದ್ದನ್ನು ಪರೀಕ್ಷಿಸುವುದಕ್ಕೆ ಲೆಕ್ಕವಿದೆ. ಕಿವಿಯನ್ನು ಪಕ್ಕಕ್ಕಿಟ್ಟು ಲೆಕ್ಕದಿಂದಲೇ ಶುರುಮಾಡಿದವರು ಮೊತ್ತ ಸರಿಬಂದ ಕೂಡಲೇ ತೃಪ್ತರಾಗಿ ನಿಂತುಬಿಡುತ್ತಾರೆ.

ಎರಡನೆಯ ಹೆಜ್ಜೆ: ಪ್ರಸ್ತಾರ

ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಅಕ್ಷರ ಲಘು, ಎರಡು ಮಾತ್ರೆಯ ಕಾಲ ಬೇಡುವುದು ಗುರು. ಲಘುವಿಗೆ ∪, ಗುರುವಿಗೆ – ಎಂದು ಅಕ್ಷರದ ಮೇಲೆ ಗುರುತು ಹಾಕುವುದೇ ಪ್ರಸ್ತಾರ. ದೀರ್ಘಸ್ವರವಿರುವ ಅಕ್ಷರ, ಐ ಮತ್ತು ಔ ಸ್ವರಗಳಿರುವ ಅಕ್ಷರ, ಅನುಸ್ವಾರ ಅಥವಾ ವಿಸರ್ಗದೊಡನೆ ಬಂದದ್ದು, ಒತ್ತಕ್ಷರದ ಹಿಂದಿನ ಅಕ್ಷರ, ‘ನ್’, ‘ಳ್’ಗಳಂಥ ಬರಿಯ ವ್ಯಂಜನದೊಡನೆ ಕೊನೆಗೊಳ್ಳುವುದು, ಇವೆಲ್ಲ ಗುರುಗಳು, ಉಳಿದದ್ದು ಲಘು. ಪಾದದ ಕೊನೆಯ ಲಘುವನ್ನು ಛಂದಸ್ಸು ಬೇಡಿದಲ್ಲಿ ಗುರುವೆಂದು ಎಣಿಸುವ ರೂಢಿಯೂ ಇದೆ.

ನಿಯಮ ಇಷ್ಟೇ ಆದರೂ ತಪ್ಪು ನಡೆಯುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಒತ್ತು ಇರುವ ಅಕ್ಷರವನ್ನೇ ಗುರು ಎಂದುಕೊಳ್ಳುವುದು ಮೊದಲನೆಯದು: ‘ಮುಚ್ಚಿದ’ ಎಂಬಲ್ಲಿ ಗುರು ‘ಮು’, ‘ಚ್ಚಿ’ ಅಲ್ಲ. ಅರ್ಕಾವತ್ತು ಎರಡನೆಯ ಬಲೆ: ‘ಮಾಧುರ್ಯ’ ಎಂಬ ಪದದಲ್ಲಿ ರಕಾರದ ಗುರುತು ಕಣ್ಣಿಗೆ ಕಡೆಯಲ್ಲಿ ಕಂಡರೂ ಕಿವಿಗೆ ಅದು ಯಕಾರಕ್ಕಿಂತ ಮೊದಲೇ ಕೇಳುತ್ತದೆ, ಆದ್ದರಿಂದ ‘ಧು’ ಗುರುವಾಗುತ್ತದೆ. ‘ಕೃ’, ‘ಮೃ’ಗಳ ಕೆಳಗಿರುವುದು ಒತ್ತಕ್ಷರವಲ್ಲ, ಋ ಎಂಬ ಹ್ರಸ್ವಸ್ವರ, ಅದು ತನ್ನ ಹಿಂದಿನ ಅಕ್ಷರವನ್ನು ಗುರು ಮಾಡುವುದಿಲ್ಲ. ಹಳಗನ್ನಡ ಪದ್ಯಗಳಲ್ಲಿ ಶಿಥಿಲದ್ವಿತ್ವ ಎಂಬುದೊಂದಿದೆ. ಅಲ್ಲಿ ಒತ್ತನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಮುಂದಿನ ಪದ ಒತ್ತಕ್ಷರದಿಂದ ಆರಂಭವಾದಾಗ ಹಿಂದಿನ ಪದದ ಕೊನೆಯ ಅಕ್ಷರ ಗುರುವೋ ಲಘುವೋ ಎಂಬುದು ಹೊಸಗನ್ನಡದಲ್ಲಿ ಓದಿನ ಮೇಲೆ ನಿಂತಿರುವ ವಿಷಯ. ಅಂಥಲ್ಲಿ ಅನುಮಾನದ ಗುರುತು ಹಾಕಿಕೊಂಡು ಮುಂದೆ ಹೋದರೆ, ಉಳಿದ ಸಾಲುಗಳ ಗಣಗಳು ಅದನ್ನು ಇತ್ಯರ್ಥ ಮಾಡುತ್ತವೆ.

ಮೂರನೆಯ ಹೆಜ್ಜೆ: ಗಣ ವಿಂಗಡಿಸುವುದು

ಮಾತ್ರಾಗಣಗಳಲ್ಲಿ ಕನ್ನಡ ಕಾವ್ಯ ಹೆಚ್ಚಾಗಿ ಬಳಸುವುದು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು, ಮತ್ತು ಮೂರು–ನಾಲ್ಕು ಬೆರೆತ ನಡೆಯನ್ನು. ಯಾವುದು ಹೊಂದುತ್ತದೆ ಎಂದು ತಿಳಿಯಲು ಒಂದೊಂದನ್ನೂ ಪ್ರಯತ್ನಿಸಿ ನೋಡುವುದೇ ನೇರವಾದ ದಾರಿ. ನೆನಪಿಡಬೇಕಾದದ್ದು ಒಂದೇ: ಗುರುವನ್ನು ಅರ್ಧಕ್ಕೆ ಸೀಳಿ ಎರಡು ಗಣಗಳಿಗೆ ಹಂಚುವಂತಿಲ್ಲ.

ಮೊದಲ ಸಾಲನ್ನು ಐದೈದಾಗಿ ಕಡಿಯಲು ಹೋದರೆ ‘ಮುಚ್ಚಿದ’ ನಾಲ್ಕು ಮಾತ್ರೆಯಾಗಿ, ಐದನೆಯದಕ್ಕೆ ‘ಬಾ’ ಎಂಬ ಗುರುವನ್ನು ಸೀಳಬೇಕಾಗುತ್ತದೆ. ಐದು ಅಲ್ಲಿಗೆ ಬಿದ್ದುಹೋಯಿತು. ಮೂರರಿಂದ ಕಡಿದರೆ ಸೋಜಿಗವೊಂದು ಎದುರಾಗುತ್ತದೆ: ಮುಚ್ಚಿ | ದ ಬಾ | ಗಿಲ ಹೊ | ರಗಡೆ | ಮಳೆಯಿ | ದೆ ಎಂದು ಸಾಲು ಅಂದವಾಗಿಯೇ ತುಂಡಾಗಿ ಕೊನೆಗೊಂದು ಮಾತ್ರೆ ಉಳಿಯುತ್ತದೆ. ಎರಡನೆಯ ಸಾಲೂ ಹಾಗೆಯೇ. ಇಲ್ಲಿಗೇ ನಿಲ್ಲಿಸಿದವರು ಮೂರು ಮಾತ್ರೆಯ ಗಣವೆಂದು ಬರೆದುಬಿಡಬಹುದು. ಆದರೆ ಮೂರನೆಯ ಸಾಲಿನಲ್ಲಿ ಎಚ್ಚ | ರವಿರು | ಎಂದಾದ ಮೇಲೆ ‘ವುದು ಒ’ ಎಂಬಲ್ಲಿ ‘ಒ’ ಗುರುವಾಗಿ ಅಡ್ಡ ನಿಲ್ಲುತ್ತದೆ. ಒಂದೇ ಸಾಲು ನೋಡಿ ತೀರ್ಮಾನ ಕೊಡಬಾರದೆಂದು ಹಿರಿಯರು ಹೇಳುವುದು ಇದಕ್ಕೇ. ನಾಲ್ಕರ ಗಣ ಮಾತ್ರ ಎಂಟೂ ಸಾಲುಗಳಲ್ಲಿ ನಿಲ್ಲುತ್ತದೆ:

ಮುಚ್ಚಿದ | ಬಾಗಿಲ | ಹೊರಗಡೆ | ಮಳೆಯಿದೆ
– ∪ ∪ | – ∪ ∪ | ∪ ∪ ∪ ∪ | ∪ ∪ ∪ ∪

ಹಚ್ಚಿದ | ದೀಪದ | ಕುಡಿಯಲಿ | ಹೊಗೆಯಿದೆ
– ∪ ∪ | – ∪ ∪ | ∪ ∪ ∪ ∪ | ∪ ∪ ∪ ∪

ಎಚ್ಚರ | ವಿರುವುದು | ಒಬ್ಬಳ | ಕಣ್ಣಲಿ
– ∪ ∪ | ∪ ∪ ∪ ∪ | – ∪ ∪ | – ∪ ∪

ಬರುವೆನು | ಎಂದವ | ಬರಲಿ | ಲ್ಲ
∪ ∪ ∪ ∪ | – ∪ ∪ | ∪ ∪ – | ∪

ಮಳೆ ನಿಂ | ತಿತು ಹನಿ | ನಿಲ್ಲದೆ | ಬಿದ್ದಿತು
∪ ∪ – | ∪ ∪ ∪ ∪ | – ∪ ∪ | – ∪ ∪

ಅಳೆದಳೆ | ದಿರುಳನು | ದೀಪವು | ಕುಂದಿತು
∪ ∪ ∪ ∪ | ∪ ∪ ∪ ∪ | – ∪ ∪ | – ∪ ∪

ಬೆಳಕಾ | ಯಿತು ಆ | ಬಾಗಿಲ | ತೆರೆದಳು
∪ ∪ – | ∪ ∪ – | – ∪ ∪ | ∪ ∪ ∪ ∪

ಬರುವನು | ಎಂದಳು | ಬರಲಿ | ಲ್ಲ
∪ ∪ ∪ ∪ | – ∪ ∪ | ∪ ∪ – | ∪

ಆರು ಸಾಲುಗಳಲ್ಲಿ ಹದಿನಾರು ಮಾತ್ರೆ, ನಾಲ್ಕನೆಯ ಮತ್ತು ಎಂಟನೆಯ ಸಾಲುಗಳಲ್ಲಿ ಬರೆದದ್ದನ್ನಷ್ಟೇ ಎಣಿಸಿದರೆ ಹದಿಮೂರು. ನಾಲ್ಕು ಮಾತ್ರೆಯ ನಾಲ್ಕು ಗಣ ಎಂಬುದು ಮಂದಾನಿಲ ರಗಳೆಯ ಪಾದದ ಅಳತೆ ಎಂಬುದು ಛಂದಸ್ಸು ಓದಿದವರಿಗೆ ತಟ್ಟನೆ ಹೊಳೆಯುತ್ತದೆ. ಆದರೂ ಇದನ್ನು ಮಂದಾನಿಲ ರಗಳೆ ಎಂದು ಕರೆಯುವುದು ಸರಿಯಲ್ಲ. ರಗಳೆ ಎರಡೆರಡು ಸಾಲು ಜೋಡಿಯಾಗಿ, ಸಾಲುಗಳ ಮಿತಿಯಿಲ್ಲದೆ ಹರಿಯುವ ರಚನೆ, ಇದು ನಾಲ್ಕು ಸಾಲಿಗೊಮ್ಮೆ ಬಾಗಿಲು ಹಾಕಿಕೊಳ್ಳುವ ಚಿಕ್ಕ ಪದ್ಯ. ಮಂದಾನಿಲದ ಗತಿ ಎಂದರೆ ಸಾಕು. ಹೆಸರಿನ ವಿಷಯದಲ್ಲಿ ಇಷ್ಟು ಎಚ್ಚರ ಎಲ್ಲ ಕಡೆಯೂ ಬೇಕು. ಮೂರು–ನಾಲ್ಕರ ನಡೆ ಕಂಡೊಡನೆ ಭಾಮಿನಿ ಷಟ್ಪದಿ ಎನ್ನಲಾಗದು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ ಇಪ್ಪತ್ತಮೂರು, ಒಟ್ಟು 102 ಮಾತ್ರೆ ಬಂದಾಗಲೇ ಅದು ಭಾಮಿನಿ.

ಗಣ ವಿಂಗಡಿಸಿದ ಮೇಲೆ ಹೆಚ್ಚಿನವರು ಮಾಡದೆ ಬಿಡುವ ಕೆಲಸವೊಂದಿದೆ. ಗಣಗಳ ಒಳರೂಪವನ್ನು ಎಣಿಸುವುದು. ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪಗಳು ಸಾಧ್ಯ: – –, – ∪ ∪, ∪ – ∪, ∪ ∪ –, ∪ ∪ ∪ ∪. ಇವುಗಳಲ್ಲಿ ನಡುವೆ ಗುರುವಿರುವ ∪ – ∪ ರೂಪ, ಅಂದರೆ ಜಗಣ, ನಡೆಯನ್ನು ಕುಂಟಿಸುತ್ತದೆ. ಕಂದಪದ್ಯದ ವಿಷಮ (ಬೆಸ) ಸ್ಥಾನಗಳಲ್ಲಿ ಅದು ಬರಬಾರದೆಂಬ ನಿಯಮವೇ ಇದೆ. ನಮ್ಮ ಕವಿತೆಯಲ್ಲಿ ಪೂರ್ತಿಯಾದ ಗಣಗಳು ಮೂವತ್ತು. ಅವುಗಳಲ್ಲಿ – ∪ ∪ ರೂಪದವು ಹದಿನಾಲ್ಕು, ಸರ್ವಲಘು ಹನ್ನೊಂದು, ∪ ∪ – ರೂಪದವು ಐದು. ಉಳಿದೆರಡು ರೂಪಗಳ ಸುಳಿವೇ ಇಲ್ಲ.

ಈಗ ಆ ಐದು ಎಲ್ಲಿವೆ ಎಂದು ನೋಡಿ. ಮೊದಲ ಮೂರು ಸಾಲುಗಳಲ್ಲಿ ಒಂದೂ ಇಲ್ಲ. ಮೊದಲನೆಯದು ಕಾಣಿಸಿಕೊಳ್ಳುವುದು ‘ಬರಲಿ(ಲ್ಲ)’ ಎಂಬಲ್ಲಿ. ಆಮೇಲೆ ‘ಮಳೆ ನಿಂ(ತಿತು)’, ‘ಬೆಳಕಾ(ಯಿತು)’, ಅದರ ಪಕ್ಕದ ‘ಯಿತು ಆ’, ಕಡೆಗೆ ಮತ್ತೆ ‘ಬರಲಿ(ಲ್ಲ)’. ಮೊದಲ ಮೂರು ಸಾಲುಗಳಲ್ಲಿರುವುದು ಬದಲಾಗದ ಸ್ಥಿತಿ: ಮಳೆ ಇದೆ, ಹೊಗೆ ಇದೆ, ಎಚ್ಚರ ಇದೆ. ಅಲ್ಲೆಲ್ಲ ಗಣದ ಭಾರ ಬಿದ್ದರೆ ಮೊದಲಿಗೇ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಏನಾದರೊಂದು ಮುಗಿದಲ್ಲಿ ಅಥವಾ ತಪ್ಪಿದಲ್ಲಿ ಮಾತ್ರ ಭಾರ ಗಣದ ಕೊನೆಗೆ ಸರಿಯುತ್ತದೆ. ಇದನ್ನು ಛಂದಸ್ಸಿನ ಕಟ್ಟಳೆ ಕೇಳಿರಲಿಲ್ಲ; ಮೂರು ರೂಪಗಳಲ್ಲಿ ಯಾವುದು ಎಲ್ಲಿ ಬಂದಿದ್ದರೂ ಲೆಕ್ಕ ಸರಿಹೋಗುತ್ತಿತ್ತು.

ಮಾತ್ರೆ ಕೂಡದಿದ್ದಾಗ

ಎಲ್ಲ ಪದ್ಯಗಳೂ ಮಾತ್ರೆಯ ಲೆಕ್ಕಕ್ಕೆ ಒಗ್ಗುವುದಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವ, ಸುಮಾರು ಕ್ರಿ.ಶ. 700ರ ಕಾಲದ ಈ ತ್ರಿಪದಿಯನ್ನು ನೋಡಿ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ನಾನು ಮೊದಲ ಸಲ ಇದಕ್ಕೆ ಪ್ರಸ್ತಾರ ಹಾಕಿದಾಗ 20, 18, 13 ಎಂಬ ಮೊತ್ತಗಳು ಬಂದವು. ತಪ್ಪಾಗಿರಬೇಕೆಂದು ಅಳಿಸಿ ಮತ್ತೆ ಹಾಕಿದರೂ ಅಷ್ಟೇ ಬಂದವು. ತಪ್ಪಿದ್ದದ್ದು ಎಣಿಕೆಯಲ್ಲಲ್ಲ, ಅಳತೆಗೋಲಿನಲ್ಲಿ. ಇದು ಅಂಶಗಣದ ಪದ್ಯ. ಹತ್ತನೆಯ ಶತಮಾನದ ನಾಗವರ್ಮ ಛಂದೋಂಬುಧಿಯಲ್ಲಿ ಕರ್ಣಾಟಕ ವಿಷಯ ಜಾತಿ ಎಂದು ಬೇರೆಯಾಗಿಯೇ ಇಟ್ಟಿರುವ ಛಂದಸ್ಸುಗಳ ಗುಂಪಿಗೆ ಸೇರಿದ್ದು. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಮೊದಲ ಅಂಶ ಒಂದು ಗುರುವಾಗಿರಬೇಕು ಅಥವಾ ಎರಡು ಲಘುಗಳಾಗಿರಬೇಕು. ಉಳಿದ ಅಂಶಗಳು ಗುರುವಾದರೂ ಸರಿ, ಲಘುವಾದರೂ ಸರಿ. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಉಳಿದವು ವಿಷ್ಣು. ಈ ಕೋಲಿನಿಂದ ಅಳೆದರೆ:

ಸಾಧುಗೆ | ಸಾಧು ಮಾ | ಧುರ್ಯಂಗೆ | ಮಾಧುರ್ಯಂ
ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್
ಮಾಧವ | ನೀತನ್ | ಪೆರನಲ್ಲ

ಆರನೆಯ ಗಣ ‘ಕಲಿಗೆ’: ‘ಕಲಿ’ ಒಂದು ಅಂಶ, ‘ಗೆ’ ಇನ್ನೊಂದು. ಹತ್ತನೆಯದು ‘ನೀತನ್’. ಎರಡೂ ಬ್ರಹ್ಮಗಣಗಳೇ, ಎಲ್ಲಿಯೂ ಎಳೆದಾಡಬೇಕಾಗಲಿಲ್ಲ. ಹಳೆಯ ಹಾಡುಗಳು, ತ್ರಿಪದಿ, ಸಾಂಗತ್ಯಗಳ ಕೆಲಸಕ್ಕೆ ಕೈಹಾಕುವವರು ಮಾತ್ರೆಯ ಮೊತ್ತ ಏರುಪೇರಾದಾಗ ಕವಿಯನ್ನು ದೂರುವ ಮೊದಲು ಈ ಅಳತೆಯನ್ನು ಪ್ರಯತ್ನಿಸಬೇಕು. ಹಾಗೆಯೇ ನಾಲ್ಕೂ ಸಾಲುಗಳಲ್ಲಿ ಗುರುಲಘುಗಳ ಸ್ಥಾನ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೆ ಅದು ಅಕ್ಷರವೃತ್ತ. ಆಗ ಮೂರು ಮೂರು ಅಕ್ಷರಗಳ ಗಣ ಮಾಡಿ ‘ಯಮಾತಾರಾಜಭಾನಸಲಗಂ’ ಸೂತ್ರದ ನೆರವು ಪಡೆಯಬೇಕು.

ನಾಲ್ಕನೆಯ ಹೆಜ್ಜೆ: ಪ್ರಾಸ

ಪ್ರಾಸವನ್ನು ಸಾಲಿನ ಮೊದಲಲ್ಲಿ, ಕೊನೆಯಲ್ಲಿ, ನಡುವಿನಲ್ಲಿ ಬೇರೆಬೇರೆಯಾಗಿ ಹುಡುಕಿ. ಆದಿಪ್ರಾಸವೆಂದರೆ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಎಲ್ಲ ಸಾಲುಗಳಲ್ಲಿಯೂ ಒಂದೇ ಆಗಿರುವುದು; ಅದರ ಸ್ವರ ಬದಲಾಗಬಹುದು, ಆದರೆ ಅದರ ಹಿಂದಿನ ಅಕ್ಷರದ ತೂಕ ಒಂದೇ ಇರಬೇಕು. ಈ ತೂಕವನ್ನು ನೋಡಿಯೇ ಹಿಂದಿನವರು ಆರು ಪ್ರಾಸಗಳಿಗೆ ಪ್ರಾಣಿಗಳ ಹೆಸರು ಕೊಟ್ಟರು: ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಪ್ರಾಸಾಕ್ಷರವೇ ಬೇರೆಬೇರೆ ವ್ಯಂಜನಗಳ ಒತ್ತಾಗಿದ್ದರೆ ಶರಭ, ಅದೇ ವ್ಯಂಜನದ ಒತ್ತಾಗಿದ್ದರೆ ಹಯ. ಶಾಸನದ ‘ಸಾಧು, ಬಾಧಿ, ಮಾಧ’ ಗಜಪ್ರಾಸ. ನಮ್ಮ ಕವಿತೆಯ ‘ಮುಚ್ಚಿ, ಹಚ್ಚಿ, ಎಚ್ಚ’ ಹಯಪ್ರಾಸ, ‘ಮಳೆ, ಅಳೆ, ಬೆಳ’ ಸಿಂಹಪ್ರಾಸ.

ಇಲ್ಲಿಯೇ ಕಟ್ಟಳೆ ಮತ್ತು ಆಯ್ಕೆಯ ಪ್ರಶ್ನೆ ಮೈಮುರಿದು ಏಳುತ್ತದೆ. ಹಳೆಯ ಕಾವ್ಯದಲ್ಲಿ ಆದಿಪ್ರಾಸ ಬಿಡುವಂತಿರಲಿಲ್ಲ. ಕಂದದಲ್ಲಿ ಅಥವಾ ಷಟ್ಪದಿಯಲ್ಲಿ ಅದು ಇದೆ ಎಂದು ಹೇಳಿದರೆ ಆ ಕವಿಯ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಅಲ್ಲಿ ಕೇಳಬೇಕಾದದ್ದು, ಪ್ರಾಸಕ್ಕಾಗಿ ಹುಡುಕಿ ತಂದ ಪದ ಅರ್ಥಕ್ಕೂ ದುಡಿಯುತ್ತಿದೆಯೇ ಎಂದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋವಿಂದ ಪೈಯವರು ಆದಿಪ್ರಾಸವನ್ನು ಬಿಟ್ಟು ಬರೆದಾಗ ಅದಕ್ಕೆ ವಿರೋಧ ಬಂದದ್ದೂ ಅದು ಅಷ್ಟು ಗಟ್ಟಿಯಾದ ಕಟ್ಟಳೆಯಾಗಿತ್ತು ಎಂಬ ಕಾರಣಕ್ಕೇ. ಅದು ಬೇಡವೆಂದು ತೀರ್ಮಾನವಾದ ಮೇಲೆ ಬರೆದ ಕವಿತೆಯಲ್ಲಿ ಆದಿಪ್ರಾಸ ಕಂಡರೆ ಮಾತು ಬೇರೆ: ಅಲ್ಲಿ ಅದು ಬೇಕೆಂದು ಇಟ್ಟದ್ದು, ಆದ್ದರಿಂದ ಕವಿ ಅದನ್ನು ಏಕೆ ಇಟ್ಟ, ಎಲ್ಲಿ ಕೈಬಿಟ್ಟ ಎಂದು ಕೇಳಬಹುದು. ನಮ್ಮ ಕವಿತೆಯಲ್ಲಿ ಮೂರು ಸಾಲು ಹಿಡಿದ ಪ್ರಾಸ ನಾಲ್ಕನೆಯದರಲ್ಲಿ ತಪ್ಪುತ್ತದೆ. ಎರಡು ಪದ್ಯಗಳಲ್ಲಿಯೂ ಹೀಗೆಯೇ. ಮೂರು ಸಲ ‘ಚ್ಚ’ ಕೇಳಿದ ಕಿವಿ ನಾಲ್ಕನೆಯದಕ್ಕೆ ಕಾದಿರುತ್ತದೆ, ಅದು ಬರುವುದಿಲ್ಲ. ಯಾವ ಸಾಲು ‘ಬರಲಿಲ್ಲ’ ಎನ್ನುತ್ತದೆಯೋ ಆ ಸಾಲಿಗೇ ಪ್ರಾಸವೂ ಬರಲಿಲ್ಲ, ನಾಲ್ಕನೆಯ ಗಣವೂ ಪೂರ್ತಿ ಬರಲಿಲ್ಲ.

ಅಂತ್ಯಪ್ರಾಸವನ್ನು ಕನ್ನಡದಲ್ಲಿ ಅಳೆಯುವಾಗ ಸ್ವಲ್ಪ ಜಿಪುಣತನ ಬೇಕು. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುತ್ತದೆ, ಕ್ರಿಯಾಪದಕ್ಕೆ ಪ್ರತ್ಯಯ ಹತ್ತುತ್ತದೆ. ಹೀಗಾಗಿ ಎರಡು ಸಾಲುಗಳ ಕೊನೆಯಲ್ಲಿ ‘‑ಇತು’ ಅಥವಾ ‘‑ಅಳು’ ಬಂದರೆ ಅದು ವ್ಯಾಕರಣ ಪುಕ್ಕಟೆಯಾಗಿ ಕೊಟ್ಟ ಪ್ರಾಸ. ಪ್ರತ್ಯಯವನ್ನು ಮುಚ್ಚಿಟ್ಟು ಉಳಿದದ್ದು ಎಷ್ಟು ಹೊಂದುತ್ತದೆ ಎಂದು ನೋಡಿ. ‘ಬಿದ್ದಿತು’, ‘ಕುಂದಿತು’ಗಳಲ್ಲಿ ಪ್ರತ್ಯಯ ತೆಗೆದರೂ ದಕಾರ ಉಳಿಯುತ್ತದೆ, ಆದ್ದರಿಂದ ಸಾಧಾರಣ. ‘ಮಳೆಯಿದೆ’, ‘ಹೊಗೆಯಿದೆ’ಗಳಲ್ಲಿ ‘ಇದೆ’ ತೆಗೆದರೆ ಎಕಾರವಷ್ಟೇ ಉಳಿಯುತ್ತದೆ. ಅದು ಪ್ರಾಸಕ್ಕಿಂತ ಹೆಚ್ಚಾಗಿ ಒಂದೇ ಪದದ ಪುನರಾವರ್ತನೆ. ಕೊನೆಗಳಿಗೆ ಅಕ್ಷರದ ಗುರುತು ಕೊಟ್ಟರೆ ಮೊದಲ ಪದ್ಯ ಕ ಕ ಖ ಗ, ಎರಡನೆಯದು ಘ ಘ ಚ ಗ ಎಂದಾಗುತ್ತದೆ. ಎರಡು ಪದ್ಯಗಳನ್ನು ಹೊಲಿದಿರುವ ದಾರ ‘ಗ’, ಅಂದರೆ ‘ಬರಲಿಲ್ಲ’. ಏಳನೆಯ ಸಾಲಿನ ‘ತೆರೆದಳು’ ಒಂಟಿಯಾಗಿ ಕಂಡರೂ ಅದರ ಜೊತೆ ಮುಂದಿನ ಸಾಲಿನ ನಡುವೆ ‘ಎಂದಳು’ ಎಂಬಲ್ಲಿದೆ. ಸಾಲಿನ ಕೊನೆಯನ್ನಷ್ಟೇ ನೋಡುವವರಿಗೆ ಈ ಒಳಪ್ರಾಸ ಸಿಗುವುದಿಲ್ಲ.

ಐದನೆಯ ಹೆಜ್ಜೆ: ಮರಳಿ ಬರುವ ಮಾತು

ಮರಳಿ ಬಂದ ಪದಗಳಿಗೆಲ್ಲ ಗೆರೆ ಎಳೆಯಿರಿ, ಆದರೆ ಎಷ್ಟು ಸಲ ಬಂತು ಎಂಬುದಕ್ಕಿಂತ ಮರಳುವಾಗ ಏನು ಬದಲಾಯಿತು ಎಂಬುದನ್ನು ಬರೆದುಕೊಳ್ಳಿ. ಶಾಸನದಲ್ಲಿ ‘ಸಾಧು’ ಮರಳಿದಾಗ ಅರ್ಥ ಅದೇ, ವ್ಯಕ್ತಿ ಬೇರೆ: ಮೊದಲಿನದು ಎದುರಿಗಿರುವವನು, ಎರಡನೆಯದು ಶಾಸನದ ನಾಯಕ ಕಪ್ಪೆ ಅರಭಟ್ಟ. ‘ಕಲಿಗೆ ಕಲಿಯುಗ’ ಎಂಬಲ್ಲಿ ಧ್ವನಿ ಅದೇ. ಮೊದಲನೆಯದು ಬಾಧಿಸುವವನನ್ನು ಹೇಳಿದರೆ ಎರಡನೆಯದು ಯುಗದ ಹೆಸರಿನೊಳಗೆ ಸೇರಿಕೊಂಡಿದೆ. ಇದು ಯಮಕದ, ಅಂದರೆ ಅದೇ ಧ್ವನಿ ಬೇರೆ ಅರ್ಥದಲ್ಲಿ ಮರಳುವ ಅಲಂಕಾರದ, ದಾರಿ.

ನಮ್ಮ ಕವಿತೆಯಲ್ಲಿ ‘ಬಾಗಿಲು’ ಎರಡು ಸಲ ಬರುತ್ತದೆ. ಒಮ್ಮೆ ಮುಚ್ಚಿ, ಒಮ್ಮೆ ತೆರೆದು. ‘ದೀಪ’ ಹಚ್ಚಿದ್ದು ಕುಂದುತ್ತದೆ. ‘ಇದೆ’ ಎಂಬ ವರ್ತಮಾನ ಮೊದಲ ಪದ್ಯದಲ್ಲಿ ಮರುಕಳಿಸಿ, ಎರಡನೆಯದರಲ್ಲಿ ಭೂತಕಾಲಕ್ಕೆ ಎಡೆ ಬಿಡುತ್ತದೆ. ‘ನಿಂತಿತು’, ‘ನಿಲ್ಲದೆ’ ಎಂಬವು ಒಂದೇ ಧಾತುವಿನ ಎರಡು ರೂಪಗಳು, ಒಂದನ್ನೊಂದು ಅಲ್ಲಗಳೆಯುತ್ತ ಒಂದೇ ಸಾಲಿನಲ್ಲಿ ಕೂತಿವೆ. ನಡುವೆ ‘ಹನಿ’ಯ ‘ನಿ’ ಸೇರಿ ಒಂದೇ ಧ್ವನಿ ಮೂರು ಸಲ ತೊಟ್ಟಿಕ್ಕುತ್ತದೆ. ಆದರೆ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಕೊನೆಯ ಸಾಲುಗಳ ಜೋಡಿಯನ್ನು. ‘ಬರುವೆನು ಎಂದವ’ ಎಂಬುದು ‘ಬರುವನು ಎಂದಳು’ ಎಂದು ಮರಳುತ್ತದೆ. ‘ವೆ’ಯ ಎತ್ವ ಬಿದ್ದು ‘ವ’ ಆಯಿತು, ‘ಎಂದವ’ನ ಕೊನೆಯ ಅಕ್ಷರ ‘ಳು’ ಆಯಿತು. ಪ್ರಸ್ತಾರ ಎಳ್ಳಷ್ಟೂ ಕದಲಲಿಲ್ಲ. ಅವನು ಕೊಟ್ಟ ಮಾತು ಅವಳು ತನಗೆ ತಾನೇ ಹೇಳಿಕೊಳ್ಳುವ ಮಾತಾಗಿದೆ. ಇಂಥ ಕಡೆ ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಅಕ್ಷರ ಅಕ್ಷರ ಹೋಲಿಸುವುದು ಒಳ್ಳೆಯದು. ಕಣ್ಣು ಹಾಯಿಸಿದರೆ ಪಲ್ಲವಿ ಮರಳಿದೆ ಎಂದಷ್ಟೇ ತೋರುತ್ತದೆ.

ಆರನೆಯ ಹೆಜ್ಜೆ: ಬದಲಿಸಿ ನೋಡಿ

ಕಂಡದ್ದು ನಿಜವೇ ಎಂದು ಪರೀಕ್ಷಿಸಲು ಸಾಲನ್ನು ಬೇರೆ ಥರ ಬರೆದು ನೋಡಬೇಕು. ಮೂರನೆಯ ಸಾಲನ್ನು ‘ಒಬ್ಬಳ ಕಣ್ಣಲಿ ಎಚ್ಚರವಿರುವುದು’ ಎಂದು ತಿರುಗಿಸಿ. ಆಗಲೂ ಹದಿನಾರೇ ಮಾತ್ರೆ, ಗಣಗಳೂ ಸಲೀಸಾಗಿ ಬೀಳುತ್ತವೆ. ಅಂದರೆ ಕವಿತೆಯಲ್ಲಿರುವ ತಲೆಕೆಳಗಾದ ಪದಕ್ರಮಕ್ಕೆ ಕಾರಣ ಛಂದಸ್ಸಲ್ಲ, ‘ಚ್ಚ’ ಎಂಬ ಪ್ರಾಸ ಒಂದೇ. ಇದನ್ನು ದೋಷವೆಂದೂ ಹೇಳಬಹುದು, ನಾನೇ ಹೇಳುತ್ತೇನೆ: ‘ವಿರುವುದು ಒಬ್ಬಳ’ ಎಂದು ಎರಡು ಸ್ವರಗಳನ್ನು ಸಂಧಿಯಿಲ್ಲದೆ ಮುಖಾಮುಖಿ ನಿಲ್ಲಿಸಿದ್ದು ಕಿವಿಗೆ ತುಸು ಒರಟು. ನಾಲ್ಕನೆಯ ಸಾಲಿನ ‘ಬರುವೆನು ಎಂದವ’ದಲ್ಲಿಯೂ ಸಂಧಿ ಬಿಟ್ಟಿದೆ, ಆದರೆ ಅಲ್ಲಿ ಆ ಬಿರುಕು ಅವನ ಮಾತನ್ನು ಬೇರ್ಪಡಿಸಿ ಉದ್ಧರಣ ಚಿಹ್ನೆಯ ಕೆಲಸ ಮಾಡುತ್ತದೆ. ಹಾಗೆ ನೋಡಿದರೆ ಒಂದೇ ಬಗೆಯ ವಿಸಂಧಿ ಒಂದು ಕಡೆ ಬರಿಯ ಅನುಕೂಲ, ಇನ್ನೊಂದು ಕಡೆ ಅರ್ಥ.

ಏಳನೆಯ ಸಾಲಿನ ‘ಆ’ ಪಾದ ತುಂಬಿಸಲು ತುರುಕಿದ್ದೇ? ಅದನ್ನು ತೆಗೆದರೆ ಎರಡು ಮಾತ್ರೆ ಕಡಿಮೆಯಾಗುತ್ತದೆ, ನಿಜ. ಆದರೆ ‘ಬೆಳಕಾದೊಡನೆಯೆ ಬಾಗಿಲ ತೆರೆದಳು’ ಎಂದರೂ ಹದಿನಾರು ಮಾತ್ರೆ ತುಂಬುತ್ತಿತ್ತು. ಬೇರೆ ದಾರಿ ಇದ್ದೂ ‘ಆ’ ಉಳಿದಿರುವುದರಿಂದ ಅದನ್ನು ಮೊದಲ ಸಾಲಿನ ಬಾಗಿಲಿನತ್ತ ಚಾಚಿದ ಬೆರಳು ಎಂದು ಓದಲು ಅವಕಾಶವಿದೆ. ಕೊನೆಯ ಸಾಲಿನ ಪರೀಕ್ಷೆ ಇನ್ನೂ ಕಟುವಾದದ್ದು: ‘ಬರುವನು ಎಂದಳು, ಬಾರದೆ ಹೋದನು’ ಎಂದು ಬರೆದರೆ ನಾಲ್ಕೂ ಗಣ ತುಂಬಿ ಹದಿನಾರು ಮಾತ್ರೆ ಆಗುತ್ತದೆ, ಅರ್ಥವೂ ಹೆಚ್ಚುಕಡಿಮೆ ಅದೇ. ಓದಿ ನೋಡಿ, ಕಾಯುವ ಜಾಗವೇ ಮುಚ್ಚಿಹೋಗಿರುತ್ತದೆ. ಆದ್ದರಿಂದ ಕೊನೆಯ ಗಣದ ಕೊರತೆ ಆಯ್ಕೆ ಎಂದು ಧೈರ್ಯವಾಗಿ ಬರೆಯಬಹುದು.

ಈ ಪರೀಕ್ಷೆಯಲ್ಲಿ ಸೋಲುವ ಊಹೆಗಳನ್ನು ಮುಲಾಜಿಲ್ಲದೆ ಹೊಡೆದುಹಾಕಿ. ‘ಹೊರಗಡೆ ಮಳೆಯಿದೆ’ ಎಂಬಲ್ಲಿ ಎಂಟು ಲಘುಗಳು ಸಾಲಾಗಿ ಬಂದಿರುವುದನ್ನು ಕಂಡು, ಲಘುಗಳು ಮಳೆಹನಿಯ ಸದ್ದನ್ನು ಅನುಕರಿಸುತ್ತವೆ ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಮರುಸಾಲಿನಲ್ಲಿ ಅದೇ ಸ್ಥಾನದಲ್ಲಿ, ಅದೇ ಎಂಟು ಲಘುಗಳಲ್ಲಿ ಇರುವುದು ಹೊಗೆ. ಹೊಗೆಗೆ ಹನಿಯ ಸದ್ದೆಲ್ಲಿಯದು? ಮೇಲಾಗಿ ಹನಿಯನ್ನು ನೇರವಾಗಿ ಹೇಳುವ ಐದನೆಯ ಸಾಲಿನಲ್ಲಿ ಗುರುಗಳು ಮೂರಿವೆ. ಊಹೆ ನಿಲ್ಲುವುದಿಲ್ಲ.

ಮುಕ್ತಛಂದದ ಕವಿತೆ ಅಥವಾ ವಚನ ಎದುರಿಗಿದ್ದರೆ ಎರಡನೆಯ, ಮೂರನೆಯ ಹೆಜ್ಜೆಗಳಿಗೆ ಹೆಚ್ಚು ಸಮಯ ಕೊಡಬೇಡಿ. ಅಲ್ಲಿ ಲಯವನ್ನು ಹೊರುವುದು ವಾಕ್ಯಗಳ ಕಟ್ಟು. ಒಂದೇ ಅಚ್ಚಿನ ವಾಕ್ಯಗಳು ಎಷ್ಟು ಬಂದವು, ಯಾವುದು ಉಳಿದವಕ್ಕಿಂತ ಗಿಡ್ಡವಾಯಿತು, ಯಾವ ಪದ ಪ್ರತಿ ವಾಕ್ಯದಲ್ಲೂ ಅದೇ ಜಾಗದಲ್ಲಿ ಕೂತಿತು ಎಂದು ನೋಡಿದರೆ ದಾರಿ ಸಿಗುತ್ತದೆ.

ಬರೆಯುವಾಗ

ಟಿಪ್ಪಣಿಯನ್ನು ಲೇಖನವಾಗಿಸುವಾಗ ಹೆಜ್ಜೆಗಳ ಕ್ರಮವನ್ನು ಹಾಗೆಯೇ ಒಪ್ಪಿಸಬೇಕಾಗಿಲ್ಲ. ಛಂದಸ್ಸಿನ ಹೆಸರು ಮತ್ತು ಸಾಮಾನ್ಯ ಲಕ್ಷಣಕ್ಕೆ ಒಂದೆರಡು ವಾಕ್ಯ ಸಾಕು. ಆಮೇಲೆ ಛಂದಸ್ಸು, ಪ್ರಾಸ, ಪುನರಾವರ್ತನೆ ಮೂರೂ ಒಂದೇ ಬಿಂದುವಿನಲ್ಲಿ ಸೇರುವ ಜಾಗಕ್ಕೆ ನೇರವಾಗಿ ಹೋಗಿ. ಈ ಕವಿತೆಯಲ್ಲಿ ಆ ಜಾಗ ನಾಲ್ಕನೆಯ ಸಾಲು ಮತ್ತು ಅದರ ಜೋಡಿಯಾದ ಎಂಟನೆಯದು. ಪ್ರತಿ ಹೇಳಿಕೆಯ ಪಕ್ಕದಲ್ಲಿಯೇ ಅದಕ್ಕೆ ಆಧಾರವಾದ ಅಕ್ಷರ ಕಾಣಿಸಬೇಕು: ‘ಲಯ ನಿಧಾನವಾಗುತ್ತದೆ’ ಎಂದಷ್ಟೇ ಬರೆಯದೆ, ಯಾವ ಗಣದಲ್ಲಿ, ಯಾವ ಗುರುವಿನಿಂದ ಎಂದು ಹೇಳಬೇಕು.

ಕೊನೆಗೆ, ಟಿಪ್ಪಣಿಯಲ್ಲಿ ಇರಲಿ, ಲೇಖನಕ್ಕೆ ಬೇಡ ಎನ್ನುವಂಥದ್ದೂ ಸಿಗುತ್ತದೆ. ಗಣದ ಗೆರೆ ‘ಬರಲಿಲ್ಲ’ ಎಂಬ ಪದವನ್ನು ‘ಬರಲಿ | ಲ್ಲ’ ಎಂದು ಕಡಿಯುತ್ತದೆ; ಬಾರದಿದ್ದವನ ಸುದ್ದಿಯೊಳಗೆ ‘ಬರಲಿ’ ಎಂಬ ಹಾರೈಕೆ ಅಡಗಿರುವುದನ್ನು ಕಂಡಾಗ, ಬರೆದವನಾದ ನನಗೂ ಮೈ ಝುಮ್ಮೆಂದಿತು. ಆದರೆ ಕಿವಿ ಅದನ್ನು ಕೇಳುವುದಿಲ್ಲ. ಓದುವಾಗ ‘ಲಿ’ ತನ್ನ ಮುಂದಿನ ಲಕಾರಕ್ಕೆ ಅಂಟಿಕೊಂಡೇ ಬರುತ್ತದೆ, ಗೆರೆ ಇರುವುದು ಕಾಗದದ ಮೇಲೆ ಮಾತ್ರ. ಆದ್ದರಿಂದ ಅದನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿಯೇ ಬಿಟ್ಟಿದ್ದೇನೆ.